ಸವತಿ ಬಿಲ್ಲೆಗೆ ಬೇರೆ ದಾರ

ಹೋದ ತಿಂಗಳು ನಿಪ್ಪಾಣಿಯ ಅಕ್ಕಸಾಲಿಗರ ಓಣಿಯಲ್ಲಿ ಯಾರೋ ಅರಗು ಕಾಸುತ್ತಿದ್ದರು. ಕೆಂಡದ ಮೇಲೆ ಅರಗು ಕರಗುವಾಗ ಒಂದು ವಾಸನೆ ಬರುತ್ತದೆ, ಅರ್ಧ ಸಿಹಿ, ಅರ್ಧ ಸುಟ್ಟ ಕೂದಲು. ಅದು ಮೂಗಿಗೆ ಬಿದ್ದಿದ್ದೇ ತಡ, ನನ್ನ ಬಲಗೈ ತಾನಾಗಿ ಕೊರಳಿಗೆ ಹೋಯಿತು, ಅಲ್ಲಿ ಏನಾದರೂ ಬಂದು ಕೂತಿದೆಯೋ ಎಂದು ತಡವಿ ನೋಡಲು. ಏನೂ ಇರಲಿಲ್ಲ. ನಾನು ಕೊರಳಿಗೆ ಏನೂ ಹಾಕಿಕೊಳ್ಳುವುದಿಲ್ಲ. ಊರ ಹೆಂಗಸರಿಗೆಲ್ಲ ಸರ ಮಾಡಿಕೊಡುವವಳು ನೀನೇ ಬೋಳು ಕೊರಳಲ್ಲಿ ಓಡಾಡುತ್ತೀಯಲ್ಲ ಎಂದು ಛೇಡಿಸುವವರಿಗೆ ನಕ್ಕು ಸುಮ್ಮನಾಗುತ್ತೇನೆ. ಈ ಕೊರಳು ತಡವುವ ಚಾಳಿ ನನಗೆ ಅಂಟಿದ್ದು ಐನಾಪುರದಲ್ಲಿ ಕಳೆದ ಒಂದು ಕಬ್ಬಿನ ಹಂಗಾಮಿನಲ್ಲಿ.

ನನ್ನ ಹೆಸರು ಜೂಲಿಯಾನಾ. ನಿಪ್ಪಾಣಿಯಲ್ಲಿ ನನ್ನದೊಂದು ಕೈಕೆಲಸದ ಆಭರಣದ ಅಂಗಡಿ ಇದೆ. ಹಿಂದಿನ ಕೋಣೆಯಲ್ಲಿ ಹೆಂಗಸರು ಕೂತು ಬೋರಮಾಳ, ಠುಶಿ, ಕರಿಮಣಿ ಸರ ಪೋಣಿಸುತ್ತಾರೆ. ಫೋನಿನಲ್ಲಿ ಆರ್ಡರು ಬಂದರೆ ಪುಣೆಯವರೆಗೂ ಕಳಿಸುತ್ತೇವೆ, ಡಬ್ಬಿಯ ಮೇಲೆ ನನ್ನ ಹೆಸರೇ ಇರುತ್ತದೆ. ಈ ಕಸುಬಿಗೆ ಹೇಗೆ ಬಂದಿರಿ ಎಂದು ಕೇಳಿದವರಿಗೆ ಹೇಳಲು ಒಂದು ಚಿಕ್ಕ ಉತ್ತರ ಇಟ್ಟುಕೊಂಡಿದ್ದೇನೆ: ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಗಳು, ಗಂಡನ ಕೆಲಸದ ಹಿಂದೆ ಈ ಕಡೆ ಬಂದೆ, ಒಬ್ಬ ಮಾವಶಿಯ, ಅಂದರೆ ಚಿಕ್ಕಮ್ಮನಂಥವಳ, ಹತ್ತಿರ ಕಲಿತೆ. ಇದರಲ್ಲಿ ಸುಳ್ಳೇನಿಲ್ಲ. ಆದರೆ ನಡೆದದ್ದು ಅಷ್ಟೇ ಅಲ್ಲ.

ಆ ವರ್ಷ ನನ್ನ ಗಂಡ ಆಂಟನಿಗೆ ಶಿರಗುಪ್ಪಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮು ಮುಗಿಯುವವರೆಗೆ ವಾಚ್‌ಮನ್ ಕೆಲಸ ಸಿಕ್ಕಿತ್ತು. ಐನಾಪುರದಲ್ಲಿ ಇಂದುಮಾವಶಿ ಎಂಬ ವಿಧವೆಯ ಮನೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ದಸರೆ ಮುಗಿದು ಕಬ್ಬು ಕಡಿಯುವವರು ಬಂದಿಳಿದಿದ್ದರು. ಬೆಳಗಾದರೆ ಕೃಷ್ಣಾ ನದಿಯ ಕಡೆಯಿಂದ ಮಂಜು ಎದ್ದು ಓಣಿ ತುಂಬುತ್ತಿತ್ತು, ಅದರೊಳಗಿಂದ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಮೊದಲು, ಗಾಡಿ ಆಮೇಲೆ ಎಂಬಂತೆ ಹೊರಬರುತ್ತಿದ್ದವು. ಕಡಿದ ಹೊಲದಲ್ಲಿ ರವದಿಗೆ, ಉಳಿದ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚಿದರೆ ಕರಿ ಬೂದಿಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಅಂಗಳದಲ್ಲಿ, ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಬೋಗುಣಿಯಲ್ಲಿ ಸದ್ದಿಲ್ಲದೆ ಇಳಿಯುತ್ತಿದ್ದವು. ಎಲೆಯ ಆಕಾರ ಹಾಗೇ ಇರುತ್ತಿತ್ತು, ಮುಟ್ಟಿದರೆ ಏನೂ ಇಲ್ಲ. ನನಗೆ ಆ ಊರು ಹಗಲಲ್ಲೇ ಅಂಜಿಕೆ ಹುಟ್ಟಿಸುತ್ತಿತ್ತು.

ಊರಿಗೂ ನನ್ನನ್ನು ಕಂಡರೆ ಅಂಥದ್ದೇ ಏನೋ ಆಗುತ್ತಿತ್ತು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಹಡಗು ನಮಗೆ ನೆನಪಿಲ್ಲ, ಬಣ್ಣವೂ ಗುಂಗುರು ಕೂದಲೂ ಉಳಿದಿವೆ. ಕಿರಾಣಿ ಅಂಗಡಿಯ ಮುದುಕ ನನ್ನ ಜೊತೆ ಕೈಸನ್ನೆಯಲ್ಲಿ ಶುರುಮಾಡಿ, ಹಿಂದಿಗೆ ಹೋಗಿ, ಕೊನೆಗೆ ನಾನು "ಅರ್ಧ ಕೇಜಿ ತೊಗರಿಬ್ಯಾಳಿ ಕೊಡ್ರಿ, ಅಜ್ಜಾರ" ಅಂದಾಗ ಪಕ್ಕದವನಿಗೆ, "ಏ, ಕನ್ನಡಾ ಚಲೋ ಮಾತಾಡ್ತಾಳಲೋ!" ಅಂದ. ಮತ್ತೇನು ಫ್ರೆಂಚ್ ಮಾತಾಡಲೇ ಎಂದು ಬಾಯಿಗೆ ಬಂದಿತ್ತು, ಬೇಳೆ ಕಟ್ಟಿಸಿಕೊಂಡು ಬಂದೆ.

ಇಂದುಮಾವಶಿಯದು ಪಟವೇಗಾರರ ಮನೆ. ಅಕ್ಕಸಾಲಿಗ ಗುಂಡು, ಬಿಲ್ಲೆ, ತಾಳಿ ಮಾಡಿಕೊಟ್ಟರೆ ಅವನ್ನು ರೇಷ್ಮೆ ದಾರದಲ್ಲಿ ಪೋಣಿಸಿ, ಗಂಟು ಹಾಕಿ ಕೊರಳಿಗೆ ಬರುವಂತೆ ಮಾಡುವವರು ಪಟವೇಗಾರರು. ಮಾವಶಿ ಕಾಲು ಚಾಚಿ ಕೂತು, ದಾರದ ತುದಿಯನ್ನು ಹೆಬ್ಬೆರಳಿಗೆ ಕಟ್ಟಿ, ಎರಡೂ ಕೈಯಿಂದ ಹೊಸೆಯುತ್ತಿದ್ದಳು. ನಾನು ಚಿಕ್ಕಂದಿನಿಂದ ತಂಗಿಯರ ಕೂದಲು ಹೆಣೆದವಳು. ಸಿದ್ದಿ ಕೂದಲನ್ನು ಬಿಗಿಯಾಗಿ ಸಾಲುಸಾಲು ಹೆಣೆಯುವುದು ಸುಲಭವಲ್ಲ, ಅದನ್ನು ಮಾಡಿದ ಬೆರಳಿಗೆ ರೇಷ್ಮೆ ಏನು ಮಹಾ? ಒಂದು ಮಧ್ಯಾಹ್ನ ಸುಮ್ಮನೆ ಕೂತು ನೋಡುತ್ತಿದ್ದವಳು ಒಂದು ಎಳೆ ಎತ್ತಿಕೊಂಡು ಹೆಣೆದೆ. ಮಾವಶಿ ಅದನ್ನು ಜಗ್ಗಿ ನೋಡಿದಳು, ಮತ್ತೊಮ್ಮೆ ಜಗ್ಗಿದಳು.

"ನಾಳಿಂದ ಬಾ," ಅಂದಳು. "ಖರೇ, ಪಡದೆ ಹಿಂದ ಕೂಡಬೇಕ ನೋಡವಾ. ತಾಳಿ ಪೋಣಸೂ ಕೈ ಯಾರದಂತ ಮಂದಿ ಕೇಳ್ತಾರ."

"ನನ್ನ ಕೈಗೆ ಏನಾಗೇತ್ರಿ?"

"ಕೈಗೆ ಏನೂ ಆಗಿಲ್ಲ. ಮಂದಿಗೆ ಆಗೇತಿ."

ಸಿಟ್ಟು ನೆತ್ತಿಗೇರಿತು. ಆದರೂ ಮರುದಿನ ಹೋಗಿ ಪರದೆಯ ಹಿಂದೆ ಕೂತೆ, ಯಾಕೆಂದರೆ ಆ ಕೆಲಸ ನನಗೆ ಮೊದಲ ದಿನವೇ ಹಿಡಿಸಿಬಿಟ್ಟಿತ್ತು. ನನ್ನ ಜೀವನದಲ್ಲಿ ನನಗೆ ಬೇಕು ಅನ್ನಿಸಿದ ಮೊದಲ ಕೆಲಸ ಅದು. ಒಂದಲ್ಲ ಒಂದು ದಿನ ಪರದೆಯ ಈಚೆ ಕೂತು, ಇದು ಜೂಲಿಯಾನಾ ಮಾಡಿದ್ದು ಎಂದು ಜನರ ಬಾಯಲ್ಲಿ ಕೇಳಬೇಕು ಎಂಬ ಆಸೆ ಆಗಲೇ ಮೊಳೆತಿತ್ತು.

ಸವತಿ ಬಿಲ್ಲೆಯನ್ನು ನಾನು ಮೊದಲು ನೋಡಿದ್ದು ಅಲ್ಲೇ. ಮೊದಲ ಹೆಂಡತಿ ತೀರಿಹೋಗಿ ಗಂಡು ಮತ್ತೆ ಮದುವೆಯಾದರೆ, ಕೆಲವು ಮನೆತನಗಳಲ್ಲಿ ಸತ್ತವಳ ಹೆಸರಿನಲ್ಲಿ ಒಂದು ಪುಟ್ಟ ಬಿಲ್ಲೆ ಮಾಡಿಸಿ, ಅದರ ಮೇಲೆ ಹೆಣ್ಣಿನ ಮುಖ ಮೂಡಿಸಿ, ಎರಡನೆಯವಳ ತಾಳಿಯ ಪಕ್ಕದಲ್ಲಿ ಪೋಣಿಸುತ್ತಾರೆ. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ತಾಗಿಸಿ ಆಮೇಲೆ ಉಡಬೇಕು. ಹಬ್ಬದ ಎಡೆಯೂ ಮೊದಲು ಅವಳಿಗೆ. ಇಷ್ಟು ಮಾಡಿದರೆ ಸತ್ತವಳು ಸಿಟ್ಟಾಗುವುದಿಲ್ಲ ಎಂಬ ನಂಬಿಕೆ.

ನಾನು ನಗಲಿಲ್ಲ. ನಮ್ಮಲ್ಲೂ ಸತ್ತವರು ಎಲ್ಲಿಗೂ ಹೋಗುವುದಿಲ್ಲ. ನಾವು ಇಗರ್ಜಿಗೆ ಹೋಗುವವರಾದರೂ ಮನೆಯ ಮೂಲೆಯಲ್ಲಿ ಹಿರಿಯರಿಗೆ ಒಂದು ಜಾಗ ಇರುತ್ತದೆ, ಹೆಸರು ಹಿಡಿದು ಕರೆದು ತೆಂಗಿನಕಾಯಿ ಇಡುತ್ತೇವೆ. ಆದರೆ ಅವರ ಜಾಗ ಮೂಲೆಯಲ್ಲಿ, ಬದುಕಿರುವವರ ಕೊರಳಲ್ಲಲ್ಲ.

ಶೋಭಾ ಬಂದದ್ದು ದೀಪಾವಳಿಯ ಆಸುಪಾಸಿನಲ್ಲಿ. ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಮನೆಯ ಸೊಸೆ, ಎರಡನೆಯವಳು. ಜೊತೆಗೆ ಅತ್ತೆ. ಊರಿಗೆಲ್ಲ ಆಕೆ ತಾರಾಕಾಕು. ಮಂಗಳಸೂತ್ರದ ದಾರ ಹರಿದಿತ್ತು. ಕೊರಳು ಬರಿದಾಗಬಾರದೆಂದು ಇಂಥ ಹೊತ್ತಿನಲ್ಲಿ ಅರಿಶಿಣ ಕೊಂಬಿನ ದಾರ ಕಟ್ಟಿ, ಸರ ಸಿದ್ಧವಾಗುವವರೆಗೆ ಹೆಂಗಸನ್ನು ಯಾರ ಕಣ್ಣಿಗೂ ಬೀಳದಂತೆ ಒಳಗೆ ಕೂರಿಸುತ್ತಾರೆ. ಒಳಗೆ ಅಂದರೆ ನಾನು ಕೂರುವ ಪರದೆಯ ಹಿಂದೆ. ಹೀಗಾಗಿ ಮಾವಶಿಯ ಗುಟ್ಟು ಆ ಹುಡುಗಿಗೆ ಮೊದಲ ದಿನವೇ ಗೊತ್ತಾಯಿತು. ಅವಳು ನನ್ನನ್ನು ಕಂಡು ಬೆಚ್ಚಲಿಲ್ಲ, ಏನೂ ಕೇಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು.

ಹೊರಗಿನಿಂದ ತಾರಾಕಾಕು "ಶೋಭಾ" ಎಂದು ಕರೆದಳು. ಹುಡುಗಿ ಕಣ್ಣು ತೆರೆಯಲಿಲ್ಲ. ಮತ್ತೆ ಕರೆದಾಗ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಕಾಯುತ್ತಿದ್ದವಳ ಹಾಗೆ ತಡವರಿಸಿ "ಬಂದ್ನಿರಿ" ಅಂದಳು.

ಹೊಸ ದಾರ ಕೆಲವೇ ದಿನ ತಡೆಯಿತು. ಮತ್ತೆ ಬಂದರು. ಆಮೇಲೆ ಮತ್ತೆ. ಪ್ರತಿ ಸಲವೂ ದಾರ ಹರಿದಿರುತ್ತಿದ್ದದ್ದು ಒಂದೇ ಜಾಗದಲ್ಲಿ, ಸವತಿ ಬಿಲ್ಲೆಯ ಮಗ್ಗುಲಲ್ಲಿ. ತಾಳಿಯ ಹತ್ತಿರ ಒಂದೆಳೆಯೂ ಸವೆದಿರುತ್ತಿರಲಿಲ್ಲ. ಮಾವಶಿಯ ಮುಖ ಬಿಳಿಚಿತ್ತು. "ಸತ್ತಾಕಿಗೆ ಇಲ್ಲಿ ಇರೂದು ಬ್ಯಾಡಾಗೇತಿ," ಎಂದು ಪಿಸುಗುಟ್ಟಿದಳು. ಬಿಲ್ಲೆಯನ್ನು ಕೈಗೆತ್ತಿಕೊಂಡೆ. ಮುಖ ಇರಬೇಕಾದ ಕಡೆ ಕಣ್ಣಿಲ್ಲ, ಮೂಗಿಲ್ಲ, ಬರೀ ನುಣುಪು. ಕೊರಳಿನ ಬಿಸಿ ಅದರಲ್ಲಿ ಇನ್ನೂ ಇತ್ತು. ಒರೆಸಿ ತಟ್ಟೆಗೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿದರೆ ತಾಳಿ ತಣ್ಣಗಾಗಿತ್ತು, ಬಿಲ್ಲೆ ಆಗಿರಲಿಲ್ಲ.

ಆ ಸಲ ಮಾವಶಿಯ ದಾರ ಬಿಟ್ಟು, ನನ್ನ ತಂಗಿಯರ ಕೂದಲು ಹೆಣೆದ ಹಾಗೆ ಬಹಳ ಎಳೆ ಸೇರಿಸಿ, ಮೇಣ ತಿಕ್ಕಿ, ಬಿಗಿಯಾಗಿ ಹೆಣೆದೆ. ಅದು ತಡೆಯಿತು. ದಿನಗಳು ಹೋದವು, ಹರಿಯಲಿಲ್ಲ. ತಾರಾಕಾಕು ಹಣ್ಣು ಕಾಯಿ ಹಿಡಿದುಕೊಂಡು ಬಂದಳು. ಈ ಸಲ ಕಟ್ಟಿದ ಕೈ ಯಾವುದು ಎಂದು ಮಾವಶಿಯನ್ನು ಒತ್ತಾಯಿಸಿ, ತಾನೇ ಪರದೆ ಸರಿಸಿದಳು. ನನ್ನನ್ನು ನೋಡಿ ನಿಂತುಬಿಟ್ಟಳು. ಈಗ ಬೈಗುಳ ಬರುತ್ತದೆ ಎಂದು ನಾನು ಕಾದೆ. ಆಕೆ ಬಗ್ಗಿ ನನ್ನ ಕಾಲು ಮುಟ್ಟಿದಳು.

"ಅದಕ್ಕ ನಿಂತೈತಿ," ಅಂದಳು. "ಇಂಥಾ ಕರೀ ಕೈಯಾಗ ಕಟ್ಟಿದ್ರ ಯಾವ ದೆವ್ವ ಅಳ್ಳಾಡ್ತೈತಿ?"

ಅಲ್ಲಿಂದ ಶುರುವಾಯಿತು. ಕಾಗವಾಡದಿಂದ, ಅಥಣಿ ಕಡೆಯಿಂದ, ನದಿಯಾಚೆಯ ಊರುಗಳಿಂದ ಹೆಂಗಸರು ಬರತೊಡಗಿದರು, ಎಲ್ಲರ ಕೊರಳಲ್ಲೂ ಒಬ್ಬೊಬ್ಬ ಸತ್ತವಳು. ಮಾವಶಿ ತಾನೇ ಪರದೆ ಬಿಚ್ಚಿ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದಳು. ನನಗೆ ಬೇಕಾಗಿದ್ದ ಜಾಗವೇ ಅದು. ಆದರೆ ನನ್ನ ಹೆಣಿಗೆಯನ್ನು ಯಾರೂ ನೋಡುತ್ತಿರಲಿಲ್ಲ. ನನ್ನ ಮುಂದೆ ನಿಂಬೆಹಣ್ಣು ಇಡುತ್ತಿದ್ದರು, ಹಸುಗೂಸಿಗೆ ನನ್ನ ಕಡೆ ಕೈ ಮುಗಿಸುತ್ತಿದ್ದರು, ನಾನು ತಲೆಯೆತ್ತಿದರೆ ಕಣ್ಣು ತಪ್ಪಿಸುತ್ತಿದ್ದರು. ನಾನು ಕಸುಬುಗಾರ್ತಿಯಾಗಲು ಹೊರಟವಳು, ನನ್ನನ್ನು ದೆವ್ವಕ್ಕೆ ಹಾಕುವ ಬೀಗ ಮಾಡಿದ್ದರು. ಸಂಜೆ ಕೆಲಸ ಮುಗಿದಾಗ ತಟ್ಟೆಯಲ್ಲಿ ಸವೆದ ಮುಖಗಳು ಒಟ್ಟೊಟ್ಟಿಗೆ ಬಿದ್ದಿರುತ್ತಿದ್ದವು, ಹೊರಗೆ ಬೂದಿ ಇಳಿಯುತ್ತಿತ್ತು. ನಾನು ಎದ್ದು ಹೋಗುವ ಮೊದಲು ಕೊರಳು ತಡವಿಕೊಳ್ಳುತ್ತಿದ್ದೆ, ಯಾವಳಾದರೂ ನನ್ನ ಜೊತೆ ಬಂದುಬಿಟ್ಟಾಳೆಂದು.

ಒಂದು ದಿನ ತಡೆಯಲಾರದೆ ನನ್ನದೇ ಒಂದು ಕಟ್ಟಳೆ ಹಾಕಿದೆ. ಸತ್ತವಳ ಹೆಸರು ಹೇಳದೆ ನಾನು ಬಿಲ್ಲೆ ಪೋಣಿಸುವುದಿಲ್ಲ. ನಮ್ಮ ಮನೆಯಲ್ಲಿ ಹೆಸರಿಲ್ಲದೆ ಹಿರಿಯರನ್ನು ಕರೆಯುವುದಿಲ್ಲ, ಇವರೇನು ಹೆಸರಿಲ್ಲದ ಹೆಂಗಸರನ್ನು ಕೊರಳಿಗೆ ಕಟ್ಟಿಕೊಂಡು ತಿರುಗುತ್ತಾರೆ? ಅನೇಕರಿಗೆ ಹೆಸರೇ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿಲ್ಲ, ಕೇಳಿದರೆ ಬೈಯುತ್ತಾರೆ ಅಂದರು. "ಹೋಗಿ ಕೇಳಿ ಬರ್ರಿ," ಅನ್ನುತ್ತಿದ್ದೆ. ಕೆಲವರು ಹೋದವರು ತಿರುಗಿ ಬರಲಿಲ್ಲ. ಮಾವಶಿ ಗೊಣಗಿದಳು, ನಾನು ಜಗ್ಗಲಿಲ್ಲ.

ಸಂಕ್ರಮಣ ಹತ್ತಿರ ಬಂದಾಗ ಶೋಭಾಳ ದಾರ ಮತ್ತೆ ಹರಿಯಿತು. ತಾರಾಕಾಕು ಮುಖ ಗಂಟಿಕ್ಕಿಕೊಂಡು ಬಂದಳು. ಹಿಂದೆ ಹುಡುಗಿ, ಒಣಗಿ ಕಡ್ಡಿಯಾಗಿದ್ದಳು. ಉಟ್ಟಿದ್ದ ಇಳಕಲ್ ಸೀರೆಯ ಮಡಿಕೆಗಳು ಹಳೆಯವು, ಬಹಳ ದಿನ ಪೆಟ್ಟಿಗೆಯಲ್ಲಿದ್ದದ್ದು.

"ಇನ್ನೊಮ್ಮೆ ಹರದ್ರ ದೇವರಿಶಿ ಕಡೆ ಒಯ್ಯೂದ," ಅಂದಳು ಕಾಕು. ದೇವರಿಶಿ ಅಂದರೆ ಮೈಮೇಲಿನ ದೆವ್ವ ಬಿಡಿಸುವವನು. ಬೇವಿನ ಬರಲಿನಿಂದ ಬಾರಿಸಿ ಬಿಡಿಸುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. "ನೀನೂ ಕಟ್ಟಿದಿ, ನಿಲ್ಲವಲ್ದು. ನಮ್ಮ ಶೋಭಾ ಮೊದಲ ಹಿಂಗ ಇರಲಿಲ್ಲವಾ. ಬದನಿಕಾಯಿ ಅಂದ್ರ ಜೀವಾ ಬಿಡ್ತಿದ್ಲು, ಈಗ ತಾಟಿನ್ಯಾಗ ಹಾಕಿದ್ರ ಮುಖಾ ತಿರುವ್ತಾಳ. ದ್ರಾಕ್ಷಿ ತ್ವಾಟ ಹಚ್ಚಿದಾಗ ಇದ ಸೀರಿ ಉಟ್ಟು ಎಷ್ಟ ಚಂದ ಓಡ್ಯಾಡಿದ್ಲು."

ಆ ತೋಟ ಹಚ್ಚಿ ವರ್ಷಗಳಾಗಿದ್ದವು. ಈ ಹುಡುಗಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವಶಿ ನನ್ನ ಮುಖ ನೋಡಿದಳು, ನಾನು ಮಾವಶಿಯ ಮುಖ ನೋಡಿದೆ.

"ಕಾಕೂ, ತೀರಿಕೊಂಡಾಕಿ ಹೆಸರ ಏನ್ರಿ?" ಎಂದೆ.

"ಶೋಭಾ."

"ಈಕಿದಲ್ರಿ. ಹೋದಾಕಿದು."

"ಅದನ ಹೇಳಿದ್ನೆಲ್ಲಾ, ಶೋಭಾ," ಅಂದಳು ಕಾಕು, ದಡ್ಡಿಗೆ ತಿಳಿಹೇಳುವವರ ದನಿಯಲ್ಲಿ. "ಆಕಿದೂ ಶೋಭಾ, ಈಕಿದೂ ಶೋಭಾ. ಲಗ್ನದಾಗ ನಾನ ಇಟ್ಟ ಹೆಸರ. ಸೊಸಿ ಹೋಗಿಲ್ಲ, ಮನ್ಯಾಗ ಅದಾಳಂತ ನಮಗ ಅನಸ್ಬೇಕಲ್ಲಾ."

ಈ ಕಡೆಯ ಕೆಲವು ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಮದುಮಗಳಿಗೆ ಹೊಸ ಹೆಸರು ಇಡುವುದು ನನಗೆ ಗೊತ್ತಿತ್ತು. ಸತ್ತವಳ ಹೆಸರನ್ನೇ ಬರೆಯುತ್ತಾರೆಂದು ಗೊತ್ತಿರಲಿಲ್ಲ. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಅವಳನ್ನು ಒಳಗೆ ಕರೆದುಕೊಂಡು ಹೋಗಿ, ಕೊಂಬಿನ ದಾರ ಕಟ್ಟಿ, ಹರಿದ ಸರವನ್ನು ಬೆಳಕಿಗೆ ಹಿಡಿದೆ.

ಪೋಣಿಸುವವರು ದಿನವಿಡೀ ಹಲ್ಲಿನಿಂದ ದಾರ ಕಡಿಯುತ್ತೇವೆ. ಹಲ್ಲಿಗೆ ಸಿಕ್ಕ ಎಳೆ ಚಪ್ಪಟೆಯಾಗಿ, ತುದಿಯಲ್ಲಿ ಹೂವಿನಂತೆ ಬಿಚ್ಚಿಕೊಂಡಿರುತ್ತದೆ. ನನ್ನ ಹೆಣಿಗೆಯ ಒಂದೊಂದೇ ಎಳೆಯನ್ನು ಯಾರೋ ದಿನಕ್ಕಿಷ್ಟು ಎಂಬಂತೆ ತಾಳ್ಮೆಯಿಂದ ಕಡಿದಿದ್ದರು.

"ಯಾಕವಾ?" ಎಂದೆ ಮೆಲ್ಲಗೆ.

ಅವಳು ಮುಚ್ಚಿಡಲಿಲ್ಲ. "ಇಲ್ಲಿ ಬಂದಾಗ ಅಷ್ಟ ಅದು ಕೊಳ್ಳಾಗ ಇರೂದಿಲ್ರಿ ಅಕ್ಕಾ. ಆಕಿ ಸೀರಿ ಉಡಸ್ತಾರ, ಆಕಿ ಊಟಾ ಉಣಸ್ತಾರ, ಆಕಿ ಹೆಸರ್ಲೆ ಕರೀತಾರ. ರಾತ್ರಿ ಇವರೂ 'ಶೋಭಾ' ಅಂದ್ರ, ಯಾರಿಗೆ ಅಂದ್ರಂತ ತಿಳಿಯೂದಿಲ್ಲ. ಮೊನ್ನಿ ತವರಿಂದ ಫೋನ್ ಬಂದಾಗ ಅವ್ವ ನನ್ನ ಹೆಸರ ಹಿಡದ ಕರದ್ಲು. ಯಾರದು ಅಂತ ಕೇಳಿದ್ನಿರಿ ನಾನು."

"ನಿನ್ನ ಹೆಸರ ಏನು?"

ಅವಳು ಬಾಗಿಲಿನ ಕಡೆ ನೋಡಿದಳು. ತುಟಿ ಅಲ್ಲಾಡಿತು, ದನಿ ಬರಲು ಹೊತ್ತಾಯಿತು. "ಕಸ್ತೂರಿ," ಅಂದಳು.

ಸರ ನನ್ನ ತೊಡೆಯ ಮೇಲಿತ್ತು. ಹುಡುಗಿಯೇ ಕಡಿಯುತ್ತಾಳೆ ಎಂದರೆ ಆ ಮನೆಯಲ್ಲಿ ಅವಳ ಗತಿ ನೆಟ್ಟಗಿರುತ್ತಿರಲಿಲ್ಲ. ದೆವ್ವ ಹರಿಯುತ್ತದೆ ಎಂದರೆ ದೇವರಿಶಿ. ಕಡಿಯಲಾಗದ ತಂತಿ ಹಾಕಿದರೆ ಐನಾಪುರದ ತುಂಬ ನನ್ನ ಹೆಸರು ಮೆರೆಯುತ್ತಿತ್ತು, ಆದರೆ ಕಸ್ತೂರಿಯ ಹೆಸರು ಅಲ್ಲಿಗೆ ಮುಗಿಯುತ್ತಿತ್ತು. ಸೂಜಿಗೆ ಹೊಸ ದಾರ ಏರಿಸಿದೆ.

ತಾಳಿಯನ್ನು ಕರಿಮಣಿಯಲ್ಲಿ ಪೋಣಿಸಿದೆ. ಸವತಿ ಬಿಲ್ಲೆಯನ್ನು ಅದರಲ್ಲಿ ಸೇರಿಸಲಿಲ್ಲ. ಅದಕ್ಕೆ ಬೇರೆಯೇ ಒಂದು ಕೆಂಪು ರೇಷ್ಮೆಯ ಸರ ಹೆಣೆದು, ಎರಡೂ ಬದಿ ಗೊಂಡೆ ಇಟ್ಟು, ಹಿಂದೆ ಕೊಕ್ಕೆ ಹಾಕಿದೆ. ಯಾರೂ ಹೇಳಿಕೊಡದೆ ನಾನಾಗಿ ಮಾಡಿದ ಮೊದಲ ಮಾದರಿ ಅದು. ಹೊರಗೆ ಬಂದು ತಾರಾಕಾಕುವಿನ ಎದುರು ಎರಡನ್ನೂ ಇಟ್ಟೆ.

"ಕಾಕೂ, ಹಿರಿಯಾಕಿ ಸಿಟ್ಟಾಗ್ಯಾಳ್ರಿ. ಸಣ್ಣಾಕಿ ಕೊಳ್ಳಾಗ ಜೋತಾಡೂದು ಆಕಿಗೆ ಮಾನಾ ಅಲ್ಲ. ದೇವರ ಮನ್ಯಾಗ ಬ್ಯಾರೆ ಪೀಠಾ ಹಾಕಿ ಕೂಡಸ್ರಿ. ಆಕಿ ಸೀರಿ ಆಕಿ ಮುಂದ ಇಡ್ರಿ, ಆಕಿ ಹೆಸರ ಆಕಿಗೆ ಬಿಡ್ರಿ. ಈಕಿಗೆ ಈಕಿ ತವರ ಹೆಸರ ಕೊಡ್ರಿ. ಒಂದ ಹೆಸರಿಗೆ ಇಬ್ಬರು ಬಡದಾಡಿದ್ರ ದಾರ ಹ್ಯಾಂಗ ನಿಂತೀತು?"

ನನ್ನ ಕೈಗಳ ಬಗ್ಗೆ ಆ ಊರಿಗಿದ್ದ ಭಯವನ್ನು ನಾನು ಒಂದೇ ಒಂದು ಸಲ ಬಳಸಿದೆ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಹಿರಿಯರಿಗೆ ಬೇರೆ ಜಾಗ ಇರಬೇಕೆಂಬುದು ನನ್ನ ಮನೆಯ ನಂಬಿಕೆಯೇ ಆಗಿತ್ತು. ತಾರಾಕಾಕು ಬಹಳ ಹೊತ್ತು ನನ್ನ ಕೈಗಳನ್ನು ನೋಡಿದಳು. ಕೆಂಪು ಸರವನ್ನು ಎತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು, "ನಡಿ ಶೋಭಾ, ಮನಿಗೆ ಹೋಗೂನು," ಅಂದಳು. ಅದನ್ನು ಯಾರಿಗೆ ಹೇಳಿದಳೆಂದು ನನಗೆ ಅರ್ಥವಾಗಲಿಲ್ಲ.

ಮರುದಿನ ಬಂದ ಹೆಂಗಸರಿಗೆ ನಿಂಬೆಹಣ್ಣು ತಿರುಗಿ ಕೊಟ್ಟೆ. ನಾನು ದೆವ್ವ ಕಟ್ಟುವವಳಲ್ಲ, ಸರ ಕಟ್ಟುವವಳು, ಚೆನ್ನಾಗಿದ್ದರೆ ತಗೊಳ್ಳಿ ಎಂದೆ. ಪಡಸಾಲೆ ಖಾಲಿಯಾಯಿತು. ಮಾವಶಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂಲೆಯಲ್ಲಿ ಮಡಚಿಟ್ಟಿದ್ದ ಪರದೆ ಮಾತ್ರ ಮತ್ತೆ ಮೇಲೇರಲಿಲ್ಲ.

ಆಮೇಲೆ ಬಂದವಳು ಕಸ್ತೂರಿ, ಒಬ್ಬಳೇ. ಬಿಲ್ಲೆ ದೇವರ ಮನೆ ಸೇರಿತ್ತು, ಮನೆಯಲ್ಲಿ ಅವಳನ್ನು ತವರಿನ ಹೆಸರಿನಿಂದಲೇ ಕರೆಯತೊಡಗಿದ್ದರಂತೆ. ತವರಿನ ಹಳೆಯ ಬೋರಮಾಳ ತಂದಿದ್ದಳು, ಚಿನ್ನದ ತಗಡು ಬಿರಿದು ಒಳಗಿನ ಅರಗು ಕಾಣುತ್ತಿತ್ತು. ಅಕ್ಕಸಾಲಿಗನ ಹತ್ತಿರ ಗುಂಡು ಸರಿಮಾಡಿಸಿ, ನನ್ನ ಹೆಣಿಗೆಯಲ್ಲಿ ಹೊಸ ಸರ ಮಾಡಿದೆ. ಸಂಕ್ರಮಣದ ಅರಿಶಿಣ ಕುಂಕುಮಕ್ಕೆ ಓಣಿಯ ಹೆಂಗಸರೆಲ್ಲ ಅವರ ಮನೆಗೆ ಬಂದಿದ್ದರು, ನನ್ನನ್ನೂ ಕರೆದಿದ್ದಳು. ಯಾರೋ ಅವಳ ಕೊರಳು ನೋಡಿ ಎಲ್ಲಿ ಮಾಡಿಸಿದಿ ಎಂದು ಕೇಳಿದರು. ಅವಳು ಎಲ್ಲರಿಗೂ ಕೇಳುವಂತೆ, "ನಮ್ಮ ಜೂಲಿಯಾನಾ ಅಕ್ಕ ಮಾಡ್ಯಾಳ," ಅಂದಳು. ನನ್ನ ಕಣ್ಣು ತುಂಬಿ ಬಂತು. ಹೆಂಗಸರು ಹತ್ತಿರ ಬಂದು ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದರು, ತಿರುಗಿಸಿ ಗಂಟು ನೋಡಿದರು. ಹೋಗುವಾಗ ಇಬ್ಬರು ನನ್ನ ಫೋನ್ ನಂಬರ್ ಕೇಳಿದರು.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತೆವು. ದೇವರ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ತಾರಾಕಾಕುವಿನ ದನಿ ಬಂತು.

"ಶೋಭಾ, ಎಳ್ಳು ಬೆಲ್ಲಾ ತಗೋ ಬಾರವಾ."

ಕಸ್ತೂರಿ ಕೂತಲ್ಲಿಂದ ಏಳಲಿಲ್ಲ. ದನಿ ಮತ್ತೆ ಕರೆಯಿತು. "ಕರಿಯಾಕತ್ತಾರ ನೋಡು," ಎಂದೆ ನಾನು, ಪಾಪ ಕೇಳಿಸಲಿಲ್ಲವೇನೋ ಎಂದು.

"ನನ್ನನ್ನ ಅಲ್ರಿ ಅಕ್ಕಾ," ಅಂದಳು ಅವಳು, ಬಸಿಗೆ ಚಹಾ ಬಸಿದುಕೊಳ್ಳುತ್ತ.

ಒಳಗೆ ಸೀರೆ ಸರಿದ ಸಪ್ಪಳ ಕೇಳಿಸಿತು. ತಾರಾಕಾಕುವಿನ ದನಿ ಮೆತ್ತಗಾಯಿತು, ಕರೆದವಳು ಎದುರಿಗೆ ಬಂದು ನಿಂತಾಗ ಆಗುವ ಹಾಗೆ.

"ಬಂದಿಯೇನವಾ? ಕೂಡು."

ಕಸ್ತೂರಿ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು.